ಪೋಳದ ಹಿಂಬಾಗಿಲು

“ಇಲ್ಲಿ ಚಪ್ಪಲಿಯ ಸದ್ದೂ ಮನೆಯೊಳಗೆ ಕೇಳಿಸುತ್ತದೆ, ಸ್ವಲ್ಪ ಮೆಲ್ಲಗೆ ನಡೆಯೋಣ” ಎಂದರು ನಮ್ಮ ಮಾರ್ಗದರ್ಶಕರು. ಕಾಲೂಪುರದ ಸ್ವಾಮಿನಾರಾಯಣ ದೇವಾಲಯದಿಂದ ಹೊರಟು, ಆಟೊಗಳು ಹಾರ್ನ್ ಹೊಡೆಯುತ್ತಿದ್ದ ರಸ್ತೆಯನ್ನು ಹೇಗೋ ದಾಟಿ, ಒಂದು ಕಮಾನಿನ ಕೆಳಗೆ ನುಗ್ಗಿ ಇನ್ನೂ ಹತ್ತು ಹೆಜ್ಜೆ ಇಟ್ಟಿರಲಿಲ್ಲ. ಹೊರಗಿನ ಗದ್ದಲ, ಯಾರೋ ಬಾಗಿಲು ಮುಚ್ಚಿದ ಹಾಗೆ ಅಡಗಿಹೋಗಿತ್ತು. ಪಾತ್ರೆ ತೊಳೆಯುವ ಸದ್ದು, ಯಾವುದೋ ಮನೆಯ ರೇಡಿಯೊ, ಪಾರಿವಾಳಗಳ ಗುಟುರು. ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಹುಡುಗನೊಬ್ಬ ನಮ್ಮ ಗುಂಪು ಹಾದುಹೋಗಲೆಂದು ಕಾಲು ಮಡಚಿಕೊಂಡ. ಅವನ ಮೊಣಕಾಲಿಗೂ ಎದುರು ಮನೆಯ ಗೋಡೆಗೂ ನಡುವೆ ಉಳಿದ ಜಾಗವೇ ಅಲ್ಲಿನ ಬೀದಿ.

ಅಹಮದಾಬಾದಿನ ಹಳೆಯ ಪಟ್ಟಣದಲ್ಲಿ ಬೆಳಗ್ಗೆ ನಡೆಯುವ ಪಾರಂಪರಿಕ ನಡಿಗೆ ಇದು. ಮಹಾನಗರಪಾಲಿಕೆಯೇ 1997ರ ನವೆಂಬರ್ 19ರಂದು ಇದನ್ನು ಶುರು ಮಾಡಿತು. ದೇವಾಲಯದಲ್ಲಿ ಆರಂಭವಾಗಿ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ನೇರ ದಾರಿಯಲ್ಲಿ ಹೋದರೆ ಇಪ್ಪತ್ತು ನಿಮಿಷವೂ ಬೇಕಿಲ್ಲ. ನಾವು ಎರಡೂವರೆ ಗಂಟೆ ನಡೆದೆವು. ಆ ಎರಡೂವರೆ ಗಂಟೆಯಲ್ಲಿ ನಾನು ನಿಜವಾಗಿ ಎಷ್ಟು ಹೊತ್ತು ಬೀದಿಯಲ್ಲಿದ್ದೆ, ಎಷ್ಟು ಹೊತ್ತು ಯಾರದೋ ಮನೆಯೊಳಗಿದ್ದೆ ಎಂಬುದನ್ನು ಇವತ್ತಿಗೂ ಲೆಕ್ಕ ಹಾಕಲಾಗಿಲ್ಲ.

ಹೊರಡುವ ಮೊದಲು ದೇವಾಲಯದ ಆವರಣದಲ್ಲಿ ಮಾರ್ಗದರ್ಶಕರು ಊರು ಹುಟ್ಟಿದ ಕಥೆ ಹೇಳಿದರು. ಸುಲ್ತಾನ್ ಅಹ್ಮದ್ ಶಾ ಸಾಬರಮತಿಯ ದಂಡೆಯಲ್ಲಿ ಬೇಟೆಗೆ ಬಂದಿದ್ದನಂತೆ. ಅವನ ಬೇಟೆನಾಯಿಯ ಮೇಲೆ ಮೊಲವೊಂದು ತಿರುಗಿ ಬಿತ್ತಂತೆ. ಮೊಲಕ್ಕೇ ಇಷ್ಟು ಕೆಚ್ಚು ಕೊಡುವ ನೆಲ ರಾಜಧಾನಿಗೆ ತಕ್ಕದ್ದೆಂದು 1411ರಲ್ಲಿ ಇಲ್ಲಿ ಪಟ್ಟಣ ಕಟ್ಟಿದನಂತೆ. ಕೇಳುತ್ತಿದ್ದ ಹಾಗೆ ನನ್ನ ಮೈ ಜುಮ್ಮೆಂದಿತು. ಇದೇ ಮೊಲ, ಇದೇ ನಾಯಿ, ತುಂಗಭದ್ರೆಯ ದಂಡೆ; ಹಕ್ಕ ಬುಕ್ಕರ ಕಥೆಯಾಗಿ ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದಲ್ಲವೇ? ಯಾರು ಯಾರಿಂದ ಎರವಲು ಪಡೆದರು ಎನ್ನುವುದು ನನಗೆ ಮುಖ್ಯವೆನಿಸಲಿಲ್ಲ. ಸಾವಿರ ಕಿಲೋಮೀಟರು ದೂರದ ಎರಡು ಊರುಗಳು ತಮ್ಮ ಹುಟ್ಟಿಗೆ ಒಂದೇ ಪುಟ್ಟ ಪ್ರಾಣಿಯನ್ನು ಸಾಕ್ಷಿ ಮಾಡಿಕೊಂಡಿವೆ ಎಂಬ ಸಂಗತಿಯೇ ಸಾಕಾಯಿತು. ಮಾರ್ಗದರ್ಶಕರಿಗೆ ಹಂಪಿಯ ಮೊಲದ ವಿಷಯ ಹೇಳಿದೆ. ಅವರು ಕಣ್ಣರಳಿಸಿ, “ಹಾಗಾದರೆ ನೀವು ನೆಂಟರೇ ಆದಿರಿ ಬೆಹನ್” ಎಂದರು.

ದೇವಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1822ರಲ್ಲಿ ಕಟ್ಟಿದ್ದು, ಸ್ವಾಮಿನಾರಾಯಣ ಪಂಥದ ಮೊದಲ ಮಂದಿರ, ಬರ್ಮಾ ತೇಗದ ಕೆತ್ತನೆಗೆ ಗಾಢವಾದ ಬಣ್ಣ ಬಳಿದು ಕಣ್ಣು ಕೋರೈಸುವಂತೆ ಇಟ್ಟುಕೊಂಡಿದ್ದಾರೆ. ನನ್ನ ಮನಸ್ಸು ಆಗಲೇ ರಸ್ತೆಯ ಆಚೆಗಿನ ಕಮಾನಿನ ಕಡೆಗೆ ಹೋಗಿತ್ತು.

ಆ ಕಮಾನಿನ ಹಿಂದೆ ಇರುವುದು ಲಾಂಬೇಶ್ವರನಿ ಪೋಳ. ಸಂಸ್ಕೃತದ ‘ಪ್ರತೋಲೀ’ ಸವೆದು ‘ಪೋಳ’ ಆಗಿದೆ. ಮೂಲದಲ್ಲಿ ಹೆಬ್ಬಾಗಿಲು ಎಂದರ್ಥ. ಬಾಗಿಲಿಗಿದ್ದ ಹೆಸರು ಬಾಗಿಲ ಹಿಂದಿನ ಇಡೀ ಕೇರಿಗೆ ಅಂಟಿಕೊಂಡಿದೆ. ಹಳೆಯ ಪಟ್ಟಣದಲ್ಲಿ ಇಂಥ ಪೋಳಗಳು ಸುಮಾರು 600 ಇವೆ. ಒಂದು ಬಾಗಿಲು, ಒಳಗೆ ಒಂದು ಮುಖ್ಯ ಓಣಿ, ಅದರಿಂದ ಕವಲೊಡೆಯುವ ಸಂದಿಗಳು, ಸಂದಿಯ ಕೊನೆಗೆ ಗೋಡೆ. ರಾತ್ರಿಯಾದರೆ ಕಾವಲುಗಾರ ಹೆಬ್ಬಾಗಿಲು ಮುಚ್ಚುತ್ತಿದ್ದ. ಬಾಗಿಲ ಮೇಲೆಯೇ ಅವನಿಗೊಂದು ಕೋಣೆ. ಹದಿನೆಂಟನೇ ಶತಮಾನದಲ್ಲಿ ಮೊಘಲರು, ಮರಾಠರು ಈ ಊರಿಗಾಗಿ ಬಡಿದಾಡುತ್ತಿದ್ದಾಗ ಇಲ್ಲಿನ ಜನ ತಮ್ಮ ತಮ್ಮ ಕೇರಿಗಳಿಗೆ ಬಾಗಿಲು ಹಾಕಿಕೊಂಡು ಬದುಕುಳಿದರು.

ಆ ಬಾಗಿಲು ಕಾಪಾಡಿತು, ನಿಜ. ಹೊರಗಿಟ್ಟದ್ದೂ ಅದೇ ಬಾಗಿಲು. ಪೋಳಗಳು ಜಾತಿ, ಮತ, ಕಸುಬುಗಳ ಮೇಲೆ ನಿಂತಿದ್ದವು. ಮನೆಯನ್ನು ಹೊರಗಿನವರಿಗೆ ಮಾರಬೇಕಾದರೆ ಪೋಳದವರ ಒಪ್ಪಿಗೆ ಬೇಕಿದ್ದ ಕಾಲವಿತ್ತು. ಈ ಅಂದದ ಬೀದಿಗಳ ಬಗ್ಗೆ ಬರೆಯುವಾಗ ಅದನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಅಗ್ರಹಾರಗಳ ಚೆಲುವನ್ನು ಹೊಗಳುವಾಗಲೂ ನಾವು ಆ ಚೆಲುವು ಯಾರನ್ನು ದೂರ ನಿಲ್ಲಿಸಿತ್ತು ಎಂಬುದನ್ನು ಎಷ್ಟೋ ಸಲ ನುಂಗಿಕೊಳ್ಳುತ್ತೇವೆ.

ಒಳಗೆ ಹೋದರೆ ಪುಟ್ಟದೊಂದು ಚೌಕ. ಅಲ್ಲಿ ಕವಿ ದಲಪತರಾಮ್ ತಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಾರೆ, ಕಂಚಿನಲ್ಲಿ. ಮನೆ ಉಳಿದಿರಲಿಲ್ಲ. ಅದರ ಮುಖವನ್ನಷ್ಟೇ ಮತ್ತೆ ಕಟ್ಟಿ, ಮುಂದೆ ಕವಿಯನ್ನು ಕೂರಿಸಿದ್ದಾರೆ. 1820ರಲ್ಲಿ ಹುಟ್ಟಿದ ದಲಪತರಾಮರು ಅಲೆಕ್ಸಾಂಡರ್ ಕಿನ್ಲಾಕ್ ಫೋರ್ಬ್ಸ್ ಎಂಬ ಬ್ರಿಟಿಷ್ ಅಧಿಕಾರಿಗೆ ಗುಜರಾತಿ ಕಲಿಸಿದರು. 1848ರಲ್ಲಿ ಫೋರ್ಬ್ಸ್ ಹುಟ್ಟುಹಾಕಿದ ಗುಜರಾತ್ ವರ್ನಾಕ್ಯುಲರ್ ಸೊಸೈಟಿಗೆ ಹಲವು ವರ್ಷ ದುಡಿದರು. ಪೀಠವಿಲ್ಲ, ಕಬ್ಬಿಣದ ಬೇಲಿಯಿಲ್ಲ. ನಾವು ನೋಡುತ್ತಿದ್ದಾಗಲೇ ಶಾಲೆಗೆ ಹೊರಟ ಹುಡುಗಿಯೊಬ್ಬಳು ತನ್ನ ಚೀಲವನ್ನು ಕವಿಯ ಪಕ್ಕದಲ್ಲಿಟ್ಟು ಶೂ ದಾರ ಕಟ್ಟಿಕೊಂಡಳು. ಅವಳಿಗೆ ಅವರು ಪಕ್ಕದ ಮನೆಯ ತಾತ. ಕವಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕೆಂದು ನನಗೆ ತೋರುವುದಿಲ್ಲ.

ಮುಂದಿನ ತಿರುವಿನಲ್ಲಿ ಕಂಡದ್ದು ಚಬೂತರೊ. ಎರಡಾಳೆತ್ತರದ ಕಂಬ, ಅದರ ತಲೆಯ ಮೇಲೆ ಎಂಟು ಮೂಲೆಯ ಪುಟ್ಟ ಮಂಟಪ. ಹಕ್ಕಿಗಳಿಗೆ ಕಾಳು, ನೀರು ಇಡಲೆಂದೇ ಕಟ್ಟಿದ್ದು. ಬೆಕ್ಕು ಏರದಷ್ಟು ಎತ್ತರ. ಊರು ಕಟ್ಟಲು ಮರ ಕಡಿದಾಗ ಹಕ್ಕಿಗಳು ನೆಲೆ ಕಳೆದುಕೊಂಡವು, ಅದಕ್ಕೆ ಪ್ರಾಯಶ್ಚಿತ್ತವಾಗಿ ಮರದ ಆಕಾರದಲ್ಲೇ ಇದನ್ನು ಕಟ್ಟಿದರು ಎಂದು ಮಾರ್ಗದರ್ಶಕರು ಹೇಳಿದರು. ಜೈನರ ಊರು, ಅಹಿಂಸೆ ಬರೀ ಬಾಯಿಮಾತಾಗಿರಲಿಲ್ಲ. ಕಂಬದ ಬುಡದಲ್ಲೊಂದು ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಯಾರದೋ ಮನೆಯ ಉತ್ತರಕ್ರಿಯೆಯ ದಿನ, ಲಸಿಕೆ ಹಾಕುವವರು ಬರುವ ಹೊತ್ತು. ಪೋಳಕ್ಕೆಲ್ಲ ಅದೇ ಪತ್ರಿಕೆ.

ಇಲ್ಲಿನ ದೇವರುಗಳೂ ಮನೆಗಳಲ್ಲೇ ಇದ್ದಾರೆ. ಹಾಜಾ ಪಟೇಲನಿ ಪೋಳದಲ್ಲಿ ಕಾಳಾ ರಾಮಜಿಯ ಗುಡಿ ಇದೆ. ಗೋಪುರವಿಲ್ಲ, ಶಿಖರವಿಲ್ಲ, ಹೇಳದಿದ್ದರೆ ಯಾರೋ ಉಳ್ಳವರ ಮನೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಒಳಗೆ ಅಂಗಳ ದಾಟಿದರೆ ಕಪ್ಪುಕಲ್ಲಿನ ರಾಮ ಕುಳಿತಿದ್ದಾನೆ. ಬಿಲ್ಲು ಹಿಡಿದು ನಿಂತ ರಾಮನನ್ನೇ ಕಂಡಿದ್ದ ನನಗೆ ಹೀಗೆ ಕೂತ ರಾಮ ಹೊಸಬ; ವನವಾಸ ಮುಗಿಸಿ ಮನೆಗೆ ಬಂದು ದಣಿವಾರಿಸಿಕೊಳ್ಳುತ್ತಿರುವವನ ಹಾಗೆ ಕಂಡ. ಅದೇ ಪೋಳದಲ್ಲಿ ಶಾಂತಿನಾಥರ ಜಿನಾಲಯವೂ ಇದೆ. ಅದರ ಮರದ ಕೆತ್ತನೆಯ ಬೆರಗೆಲ್ಲ ಒಳಗೇ, ಬೀದಿಗೆ ಕಾಣುವುದು ಸಾದಾ ಬಾಗಿಲು.

ಆ ಬೆಳಗಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವು ಯಾವುವೂ ಅಲ್ಲ, ಒಂದು ತಾಮ್ರದ ಮುಚ್ಚಳ.

ಒಂದು ಓಣಿಯಲ್ಲಿ ಮಾರ್ಗದರ್ಶಕರು ಅರೆತೆರೆದ ಬಾಗಿಲ ಬಳಿ ನಿಂತು, “ಬಾ, ಒಳಗೆ ಬರಬಹುದೇ?” ಎಂದು ಕೂಗಿದರು. ಗುಜರಾತಿಯಲ್ಲಿ ಅಮ್ಮನಿಗೂ ಅಜ್ಜಿಗೂ ‘ಬಾ’ ಎನ್ನುತ್ತಾರೆ. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ ಒಬ್ಬ ಅಜ್ಜಿ ಬಂದರು. ಹೊಸ್ತಿಲು ದಾಟಿದರೆ ನಮ್ಮ ಕಡೆಯ ತೊಟ್ಟಿಮನೆಯೇ ಎದುರಿಗೆ ಬಂದಂತೆ: ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬಗಳು, ಮೇಲೆ ಮಹಡಿಗಳು. ಅಗಲ ಕಡಿಮೆ, ಎತ್ತರ ಹೆಚ್ಚು, ಅಷ್ಟೇ ವ್ಯತ್ಯಾಸ. ಅಂಗಳದ ಒಂದು ಮೂಲೆಯಲ್ಲಿ ಕಲ್ಲುಚಪ್ಪಡಿಗೆ ಕೂರಿಸಿದ ದುಂಡನೆಯ ಮುಚ್ಚಳ. ಉಜ್ಜಿ ಉಜ್ಜಿ ಅಂಚು ತೆಳುವಾಗಿತ್ತು. ಅಜ್ಜಿ ಬಗ್ಗಿ ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ಎತ್ತಿದರು. ಒಳಗಿನಿಂದ ತಣ್ಣನೆಯ ಗಾಳಿ, ಸುಣ್ಣದ ವಾಸನೆ. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ. ಆಗ ಅವರು ಗೂಡಿನಿಂದ ಕೈಗನ್ನಡಿಯೊಂದನ್ನು ತಂದು, ಅಂಗಳಕ್ಕೆ ಇಳಿದಿದ್ದ ಬಿಸಿಲನ್ನು ಅದರಲ್ಲಿ ಹಿಡಿದು ಬಾಯಿಯೊಳಕ್ಕೆ ತಿರುಗಿಸಿದರು. ನಮ್ಮ ಕಾಲ ಕೆಳಗೆ ಒಂದು ಇಡೀ ಕೋಣೆ ಬೆಳಗಿತು. ಸುಣ್ಣದ ಗೋಡೆಗಳು, ಅವುಗಳ ನಡುವೆ ಅಲುಗಾಡದ ನೀರು, ನೀರಿನ ಮೇಲೆ ನಡುಗುವ ಒಂದು ಬೆಳಕಿನ ಬಿಲ್ಲೆ.

ಅದು ಟಾಂಕಾ. ಮುಂಗಾರಿನ ಕೆಲವು ತಿಂಗಳು ಬಿಟ್ಟರೆ ಮಳೆ ಕಾಣದ ಊರಿನಲ್ಲಿ ವರ್ಷವಿಡೀ ಕುಡಿಯುವ ನೀರು. ಮೊದಲ ಮಳೆಗೆ ಮಾಳಿಗೆ ತೊಳೆದುಹೋಗಲು ಬಿಡುತ್ತಾರೆ. ಮಾಳಿಗೆ ಶುಭ್ರವಾದ ಮೇಲೆ ಕೊಳವೆಯ ಬಾಯಿಯನ್ನು ಟಾಂಕಾಕ್ಕೆ ತಿರುಗಿಸುತ್ತಾರೆ. ಬಿಸಿಲು, ಗಾಳಿ ತಾಗದ್ದರಿಂದ ನೀರು ಪಾಚಿಗಟ್ಟುವುದಿಲ್ಲ. ತಳದಲ್ಲಿ ಅಷ್ಟು ನೀರಿನ ರಾಶಿ ಇರುವುದರಿಂದ ಬೇಸಿಗೆಯಲ್ಲೂ ಅಂಗಳ ತಂಪು. ಬಿಸಿಗಾಳಿ ಮೇಲಕ್ಕೆ ಹೋಗಲು ಅಂಗಳದ ತೆರೆದ ಬಾಯಿ, ತಂಪು ಒಳಗೆ ಉಳಿಯಲು ಕಿರಿದಾದ ಓಣಿ. ಓಣಿ ಇಷ್ಟು ಇಕ್ಕಟ್ಟೇಕೆ ಎಂದು ಬೆಳಗಿನಿಂದ ಯೋಚಿಸುತ್ತಿದ್ದ ನನಗೆ ಉತ್ತರ ಸಿಕ್ಕಿತ್ತು: ಒಂದು ಮನೆಯ ನೆರಳಲ್ಲಿ ಇನ್ನೊಂದು ಮನೆ ನಿಲ್ಲಬೇಕು.

ಅಜ್ಜಿ ಒಂದು ಲೋಟದಲ್ಲಿ ನೀರು ಕೊಟ್ಟರು. ಮಳೆಯ ನೀರಿಗೆ ರುಚಿಯೇ ಇರುವುದಿಲ್ಲ ಎನ್ನುತ್ತಾರೆ. ನನಗೆ ಬೇರೆ ಯಾವ ನೀರಿನಲ್ಲೂ ಸಿಗದ ಒಂದು ಮೆದುತನ ಗಂಟಲಲ್ಲಿ ಉಳಿಯಿತು. “ನಲ್ಲಿ ನೀರು ಬರುತ್ತದೆ. ಬೇಳೆ ಬೇಯಿಸುವುದು ಮಾತ್ರ ಇದರಲ್ಲೇ” ಎಂದರು ಅವರು. ಮಗ ನದಿಯ ಆಚೆ ಪಶ್ಚಿಮ ದಂಡೆಯ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಕರೆಯುತ್ತಾನೆ, ಹೋಗುತ್ತೇನೆ, ನಾಲ್ಕು ದಿನಕ್ಕೆ ವಾಪಸು ಬರುತ್ತೇನೆ ಎಂದರು. ಕಾರಣ ಕೇಳಿದ್ದಕ್ಕೆ, “ಅಲ್ಲಿ ಬಾಗಿಲು ತೆಗೆದರೆ ಬಾಗಿಲು ಕಾಣುತ್ತದೆ. ಇಲ್ಲಿ ಬಾಗಿಲು ತೆಗೆದರೆ ಮನುಷ್ಯರು ಕಾಣುತ್ತಾರೆ” ಎಂದರು. ನಾನು ಮಾತಾಡದೆ ಲೋಟ ಹಿಂತಿರುಗಿಸಿದೆ.

ಹೊರಗೆ ಬಂದ ಮೇಲೆ ಮಾರ್ಗದರ್ಶಕರು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರು. ಇಟ್ಟಿಗೆಯ ಸಾಲುಗಳ ನಡುವೆ ಅಲ್ಲಲ್ಲಿ ಅಡ್ಡಕ್ಕೆ ಮರದ ತೊಲೆ ಹೂತಿದ್ದಾರೆ. ಗೋಡೆಯ ಮೂಲೆಗಳಲ್ಲಿ ತೊಲೆಗಳು ಒಂದನ್ನೊಂದು ಕಚ್ಚಿಕೊಂಡಿವೆ. ಮನೆಯ ಭಾರವೆಲ್ಲ ಮರದ ಚೌಕಟ್ಟಿನ ಮೇಲೆ. ನೆಲ ಅಲುಗಿದರೆ ಇಟ್ಟಿಗೆ ಬಿರಿಯಬಹುದು, ಚೌಕಟ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. 2001ರ ಜನವರಿ 26ರಂದು ಕಚ್ಛ್ ನಡುಗಿದಾಗ ಅಹಮದಾಬಾದಿನಲ್ಲಿ ಹಲವು ಬಹುಮಹಡಿ ಕಾಂಕ್ರೀಟ್ ಕಟ್ಟಡಗಳು ನೆಲಕಚ್ಚಿದವು. ಪೋಳದ ಮರದ ಮನೆಗಳು ಬಹುಪಾಲು ನಿಂತವು. ಮನೆಯ ಮಾಡನ್ನು ಹೊತ್ತ ಮದನಕೈಯೊಂದನ್ನು ನಾನು ಹತ್ತಿರದಿಂದ ನೋಡಿದೆ. ಅದರ ಗಿಳಿಯ ಕೊಕ್ಕು ಮುರಿದಿತ್ತು. ಯಾರೋ ಬೇರೆ ಮರದ ಚೂರನ್ನು ಕೆತ್ತಿ, ಹೊಸ ಕೊಕ್ಕು ಕೂರಿಸಿದ್ದರು. ಬಣ್ಣ ಹೊಂದಿರಲಿಲ್ಲ. ಆ ಹೊಂದದ ಬಣ್ಣದ ಚೂರು ಇಡೀ ಗಿಳಿಗಿಂತ ಹೆಚ್ಚು ಇಷ್ಟವಾಯಿತು, ಅದರಲ್ಲಿ ಒಬ್ಬರ ಅಕ್ಕರೆ ಕಾಣುತ್ತಿತ್ತು.

ಆದರೆ ಆ ಮನೆಯ ಪಕ್ಕದ್ದಕ್ಕೆ ಬೀಗ. ಅದರ ಪಕ್ಕದ್ದರ ಮಾಡು ಕುಸಿದು, ಒಳಗೆ ಅರಳಿ ಗಿಡ ಬೆಳೆದಿತ್ತು. ಮತ್ತೊಂದರ ಮುಂದೆ ಗೋದಾಮಿನ ಶಟರು. 1892ರಲ್ಲಿ ಎಲ್ಲಿಸ್ ಸೇತುವೆ ಬಂದು ನದಿಯ ಪಶ್ಚಿಮ ದಂಡೆ ಹತ್ತಿರವಾಯಿತು. ಉಳ್ಳವರು ಒಬ್ಬೊಬ್ಬರಾಗಿ ಆಚೆ ಹೋದರು. ಕಾರು ಬರದ ಓಣಿ, ಅಣ್ಣತಮ್ಮಂದಿರ ಹತ್ತಾರು ಪಾಲು, ಮರದ ದುರಸ್ತಿಗೆ ತಗಲುವ ಖರ್ಚು. 2017ರ ಜುಲೈನಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದ ಯಾವ ನಗರಕ್ಕೂ ಅದಕ್ಕೆ ಮೊದಲು ಆ ಗೌರವ ಸಿಕ್ಕಿರಲಿಲ್ಲ. ಹಳೆಯ ಮನೆಯನ್ನು ಉಳಿಸಿಕೊಂಡವರು ತಮ್ಮ ಜಾಗದ ಕಟ್ಟುವ ಹಕ್ಕನ್ನು ಬೇರೆಡೆಯ ಬಿಲ್ಡರುಗಳಿಗೆ ಮಾರಿ, ಆ ಹಣದಲ್ಲಿ ದುರಸ್ತಿ ಮಾಡಿಕೊಳ್ಳುವ ಅವಕಾಶವನ್ನೂ ಪಾಲಿಕೆ ಕಲ್ಪಿಸಿದೆ. ಒಳ್ಳೆಯ ಏರ್ಪಾಡು. ಆದರೂ ಕೆತ್ತನೆಯ ಕಂಬಗಳು, ಬಾಗಿಲವಾಡಗಳು ಕಳಚಿ ಹಳೆಯ ಸಾಮಾನಿನ ವ್ಯಾಪಾರಿಗಳ ಕೈಸೇರುವುದು ನಿಂತಿಲ್ಲ. ಎಲ್ಲೋ ದೂರದ ಹೋಟೆಲೊಂದರ ಮೊಗಸಾಲೆಯಲ್ಲಿ ಅಂಥ ಬಾಗಿಲನ್ನು ಕಂಡರೆ ಇನ್ನು ಮೇಲೆ ನನಗೆ ಅದು ಅಲಂಕಾರವಾಗಿ ಕಾಣಲಾರದು. ಆ ಬಾಗಿಲ ಹಿಂದೆ ಯಾರಿದ್ದರು ಎಂದೇ ಮೊದಲು ತೋಚುತ್ತದೆ.

ಉತ್ತರಾಯಣದ ಎರಡು ದಿನ, ಜನವರಿ 14 ಮತ್ತು 15, ಬಿಟ್ಟು ಹೋದವರೆಲ್ಲ ವಾಪಸು ಬರುತ್ತಾರಂತೆ. ಗಾಳಿಪಟಕ್ಕೆ ಪೋಳದ ಮಾಳಿಗೆಗಳೇ ಬೇಕು. ಮಾಳಿಗೆಯಿಂದ ಮಾಳಿಗೆಗೆ ಹಾರಿ ಓಡಾಡಿದ ಬಾಲ್ಯದ ಬಗ್ಗೆ ಹೇಳುವಾಗ ಮಾರ್ಗದರ್ಶಕರ ಮುಖವೇ ಬೇರೆಯಾಗಿತ್ತು. ಅವರೂ ಇಂಥದೊಂದು ಪೋಳದಲ್ಲೇ ಹುಟ್ಟಿದವರು. ದಂಗೆಯ ದಿನಗಳಲ್ಲಿ ಜನ ಓಣಿ ಬಿಟ್ಟು ಮಾಳಿಗೆಯ ಮೇಲೆ ಓಡಾಡುತ್ತಿದ್ದರು ಎಂದೂ ಅವರೇ ಹೇಳಿದರು. ಅವರು ಯಾವ ವರ್ಷವನ್ನೂ ಹೇಳಲಿಲ್ಲ. 1969, 1985, 2002, ಈ ಊರಿನಲ್ಲಿ ನಿಂತವರಿಗೆ ಇವನ್ನು ಯಾರೂ ನೆನಪಿಸಬೇಕಿಲ್ಲ. ಇಲ್ಲಿ ಮಂದಿರದಿಂದ ಮಸೀದಿಯವರೆಗೆ ದಿನವೂ ಜನರನ್ನು ನಡೆಸಿಕೊಂಡು ಹೋಗುವುದು ಪ್ರವಾಸದ ಕಾರ್ಯಕ್ರಮವಷ್ಟೇ ಎಂದು ನನಗೆ ಅನ್ನಿಸಲಿಲ್ಲ.

ಮಾಣೆಕ್ ಚೌಕಕ್ಕೆ ಬಂದಾಗ ಒಂಬತ್ತೂವರೆ ಇರಬೇಕು. ಬೆಳಗ್ಗೆ ಹಸುಗಳಿಗೆ ಹುಲ್ಲು ಹಾಕುವ ಜಾಗ, ಹಗಲಲ್ಲಿ ಚಿನ್ನಬೆಳ್ಳಿಯ ಪೇಟೆ, ರಾತ್ರಿ ತಿಂಡಿಯ ಸಂತೆ; ಅದೇ ನೆಲಕ್ಕೆ ದಿನಕ್ಕೆ ಮೂರು ಕಸುಬು. ಮಾಣೆಕನಾಥನೆಂಬ ಸಾಧುವಿನ ಹೆಸರು ಇದಕ್ಕೆ. ಸುಲ್ತಾನನ ಕೋಟೆ ಹಗಲಲ್ಲಿ ಏಳುತ್ತಿದ್ದಾಗ ಸಾಧು ಚಾಪೆ ಹೆಣೆಯುತ್ತಿದ್ದನಂತೆ, ರಾತ್ರಿ ಚಾಪೆಯ ಎಳೆ ಬಿಚ್ಚಿದರೆ ಗೋಡೆ ಕುಸಿಯುತ್ತಿತ್ತಂತೆ. ಪಕ್ಕದಲ್ಲೇ ಆ ಸುಲ್ತಾನನ ಗೋರಿ. ಅದರ ಎದುರಿಗೆ ರಾಣಿಯರ ಗೋರಿ, ಅದರ ಸುತ್ತ ಬಳೆ, ದುಪಟ್ಟಾ, ಮಿಂಚುವ ಲಂಗಗಳ ಅಂಗಡಿಗಳು. ಸತ್ತ ಮೇಲೆ ಇಷ್ಟು ಹೆಣ್ಣುಮಕ್ಕಳ ನಗು ಸುತ್ತ ಇರುವುದಾದರೆ ಆ ರಾಣಿಯರದು ಪುಣ್ಯವೇ.

ಜಾಮಾ ಮಸೀದಿಯ ವಿಶಾಲ ಅಂಗಳಕ್ಕೆ ಕಾಲಿಟ್ಟಾಗ ಕಣ್ಣಿಗೆ ಆಕಾಶ ಒಮ್ಮೆಲೇ ಬಿತ್ತು. ಅಷ್ಟು ಹೊತ್ತು ಸೀಳಾಗಿ ಮಾತ್ರ ಕಂಡಿದ್ದ ಆಕಾಶ. 1424ರ ಕಟ್ಟಡ, 260 ಕಂಬಗಳು, 15 ಗುಮ್ಮಟ. ಕಂಬಗಳ ನಡುವೆ ನಡೆದರೆ ಜೈನ ಬಸದಿಯ ನವರಂಗದಲ್ಲಿ ನಡೆದಂತೆ. ಕಟ್ಟಿದ ಕೈಗಳು ಈ ನೆಲದವೇ. 1819ರ ಭೂಕಂಪಕ್ಕೆ ಇದರ ಕಲ್ಲಿನ ಮಿನಾರುಗಳು ಮುರಿದವು, ಈಗ ಬುಡವಷ್ಟೇ ಇದೆ. ಅಜ್ಜಿಯ ಮನೆಯ ಬಾಗುವ ಮರ ನೆನಪಾಯಿತು. ಅಲ್ಲಿಗೆ ನಡಿಗೆ ಮುಗಿಯಿತು. ಗುಂಪು ಚದುರಿತು.

ನನಗೆ ಮುಗಿದಿರಲಿಲ್ಲ. ಮರುದಿನ ಒಬ್ಬಳೇ ಹೋದೆ. ನಕಾಶೆ ನೋಡುವುದಿಲ್ಲವೆಂದು ಮೊಬೈಲನ್ನು ಚೀಲದೊಳಗಿಟ್ಟೆ. ಅರ್ಧ ಗಂಟೆಗೆ ಯಾವ ಪೋಳ, ಯಾವ ಸಂದಿ ಒಂದೂ ತಿಳಿಯದೆ, ಮೂರನೆಯ ಸಲ ಅದೇ ಕುರುಡು ಗೋಡೆಯ ಮುಂದೆ ನಿಂತಿದ್ದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬರು ಮೂರೂ ಸಲ ನನ್ನನ್ನು ನೋಡಿದ್ದರು. ಎಲ್ಲಿಗೆ ಹೋಗಬೇಕೆಂದು ಕೇಳಿದರು. ಮಾಣೆಕ್ ಚೌಕ ಎಂದೆ. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು, ತಮ್ಮ ಮನೆಯ ಬಾಗಿಲನ್ನು ಪೂರ್ತಿ ತೆರೆದು, “ಬಾ ಬೇಟಾ, ಚಪ್ಪಲಿ ಕೈಯಲ್ಲಿ ಹಿಡಿದುಕೋ” ಎಂದರು.

ಪೋಳದಿಂದ ಪೋಳಕ್ಕೆ ಗುಟ್ಟಿನ ದಾರಿಗಳಿವೆ ಎಂದು ಹಿಂದಿನ ದಿನ ಮಾರ್ಗದರ್ಶಕರು ಹೇಳಿದ್ದರು. ಅವು ಮನೆಗಳೊಳಗೇ ಹಾದುಹೋಗುತ್ತವೆ ಎಂದು ನಾನು ಊಹಿಸಿರಲಿಲ್ಲ. ಚಪ್ಪಲಿ ಎತ್ತಿಕೊಂಡು ಅವರ ಹಿಂದೆ ನಡೆದೆ. ಮುಂದಿನ ಕೋಣೆಯಲ್ಲಿ ಒಬ್ಬರು ಪೇಪರು ಓದುತ್ತಿದ್ದರು, ತಲೆಯೆತ್ತಲಿಲ್ಲ. ಅಂಗಳದಲ್ಲಿ ಬರಿಗಾಲಿಗೆ ಕಲ್ಲು ತಣ್ಣಗೆ ತಾಗಿತು, ಮೂಲೆಯಲ್ಲಿ ಮುಚ್ಚಳವಿತ್ತು, ಅದರ ಮೇಲೆ ತುಳಸಿಯ ಕುಂಡ. ಅಡುಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು. ಅದರ ಪಕ್ಕ ಕತ್ತಲ ಓಣಿಯಂಥ ಜಾಗ, ಕೊನೆಗೆ ತಗ್ಗಾದ ಬಾಗಿಲು. ಅವರು ಅಗುಳಿ ಸರಿಸಿದರು. ಆಚೆ ಬೇರೆಯದೇ ಪೋಳ, ಬೇರೆಯದೇ ಚಬೂತರೊ, ಅದರ ಮೇಲೆ ಕಾಳಿಗೆ ಜಗಳವಾಡುತ್ತಿದ್ದ ಗಿಳಿಗಳು.

“ಎಡಕ್ಕೆ ಹೋಗು, ಆಮೇಲೆ ನೇರ” ಎಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ನಿಂತಿದ್ದು, ಆಮೇಲೆ ಒಳಗಿನಿಂದ ಅಗುಳಿ ಹಾಕಿಕೊಂಡರು.